ದಸ್ರಿಲ್‌ನ ಎಡಭುಜ

ಮದುವೆಮನೆಗೆ ಹೊರಡುವ ಹೊತ್ತಿನಲ್ಲಿ ಅಂಗಿಯ ಗುಂಡಿ ಹಾಕಲು ದಸ್ರಿಲ್‌ನ ಎಡಗೈ ಒಪ್ಪಲಿಲ್ಲ. ಕಿರುಬೆರಳು, ಅದರ ಪಕ್ಕದ ಉಂಗುರದ ಬೆರಳು, ಎರಡೂ ಬೇರೆ ಯಾರವೋ ಎಂಬಂತೆ ಮರಗಟ್ಟಿದ್ದವು. ಕನ್ನಡಿಯ ಮುಂದೆ ತಲೆವಸ್ತ್ರಕ್ಕೆ ಪಿನ್ನು ಚುಚ್ಚಿಕೊಳ್ಳುತ್ತಿದ್ದ ಹೆಂಡತಿ ನಿಮಾರ್ ಅವನು ಪರದಾಡುವುದನ್ನು ಸ್ವಲ್ಪ ಹೊತ್ತು ನೋಡಿದಳು.

“ಬನ್ನಿ ಇಲ್ಲಿ. ಮದುಮಗನಿಗೂ ಇಷ್ಟು ಸೇವೆ ಸಿಗಲ್ಲ.”

“ಮದುಮಗನಿಗೆ ಐವತ್ತೆರಡು ವರ್ಷ ಆಗಿರಲ್ಲ, ಅದಕ್ಕೆ.”

“ಐವತ್ತೆರಡಕ್ಕೇ ಗುಂಡಿ ಹಾಕ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ಅರವತ್ತಕ್ಕೆ ನಿಮ್ಮನ್ನ ತೊಟ್ಟಿಲಲ್ಲಿ ಹಾಕಿ ತೂಗ್ಬೇಕಾಗುತ್ತೆ, ಉದಾ.”

ಉದಾ ಎಂದರೆ ಅಣ್ಣ. ಮದುವೆಗೆ ಮುಂಚೆ, ಸಮುದ್ರದಂಡೆಯ ಅವರ ಊರಾದ ಪರಿಯಾಮಾನಿನ ಹುಡುಗಿಯರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಮದುವೆಯಾದ ಮೇಲೆ ಅಲ್ಲಿಯ ಹೆಂಗಸರು ಗಂಡನನ್ನೂ ಹಾಗೆಯೇ ಕರೆಯುವುದರಿಂದ ನಿಮಾರ್ ಹೊಸ ಹೆಸರು ಹುಡುಕಬೇಕಾಗಿ ಬರಲಿಲ್ಲ.

ಇಪ್ಪತ್ತಾರು ವರ್ಷದಿಂದ ಇಬ್ಬರದೂ ಒಂದೇ ಕಸುಬು. ಆ ಕರಾವಳಿಯಲ್ಲಿ ಮದುವೆ ಎಂದರೆ ಅಂಗಳದಲ್ಲಿ ಒಂದು ಹಲಗೆ ವೇದಿಕೆ, ಅದರ ಮೇಲೆ ಒಂದೇ ಒಂದು ಕೀಬೋರ್ಡು, ಮಗ್ಗುಲಲ್ಲಿ ಒಬ್ಬಳು ಹಾಡುಗಾರ್ತಿ. ಡೋಲು, ಕೊಳಲು, ಪಿಟೀಲು ಎಲ್ಲವೂ ಆ ಕೀಬೋರ್ಡಿನ ಹೊಟ್ಟೆಯಿಂದಲೇ ಬರಬೇಕು. ದಸ್ರಿಲ್ ನುಡಿಸುವನು, ನಿಮಾರ್ ಅವನ ಎಡಕ್ಕೆ ನಿಂತು ಹಾಡುವಳು. ಹೊತ್ತು ಏರುವ ಮೊದಲು ಶುರುವಾದರೆ, ಮಸೀದಿಯ ಕರೆ ಬಂದಾಗ ಮಾತ್ರ ನಿಲ್ಲಿಸಿ, ಸಂಜೆಯವರೆಗೆ. ಮದುವೆಗೆ ಬಂದ ಮುದುಕಿಯರು ಒಬ್ಬರನ್ನೊಬ್ಬರು ತಿವಿದುಕೊಂಡು, “ಆ ಗಂಡಸನ್ನ ನೋಡ್ರೇ, ಕೈ ಕೀಬೋರ್ಡ್ ಮೇಲೆ, ಕಣ್ಣು ಹೆಂಡ್ತಿ ಮೇಲೆ,” ಎಂದು ನಗುತ್ತಿದ್ದರು. ಅದು ಸುಳ್ಳೇನೂ ಆಗಿರಲಿಲ್ಲ.

ಅಂದು ಗುಂಡಿ ಹಾಕಿದ್ದಾಯಿತು. ಕೀಬೋರ್ಡನ್ನು ವ್ಯಾನಿಗೆ ಎತ್ತಿಡುವಾಗ ಮಾತ್ರ ಕತ್ತಿನಿಂದ ಮೊಣಕೈವರೆಗೆ ಯಾರೋ ಕಾದ ತಂತಿ ಎಳೆದಂತಾಗಿ ಅವನು “ಅಮ್ಮಾ” ಎಂದು ಕೂಗಿಬಿಟ್ಟ. ನೋವು ಹೊಸದಲ್ಲ. ಎರಡು ವರ್ಷದಿಂದ ಇತ್ತು. ಎಣ್ಣೆ ತಿಕ್ಕುವ ಮುದುಕಿಯ ಹತ್ತಿರ ಹೋಗಿದ್ದ. ಅವಳು ಮೈಗೆ ಗಾಳಿ ಹೊಕ್ಕಿದೆ ಎಂದು ನಾಣ್ಯದಿಂದ ಬೆನ್ನು ಕೆಂಪಗಾಗುವಂತೆ ಗೀರಿ ಕಳಿಸಿದ್ದಳು. ನಾಲ್ಕು ದಿನ ಹಾಯೆನಿಸಿ ಐದನೆಯ ದಿನ ಮತ್ತೆ ಅದೇ ಪಾಡು. ಮಲಗಿದರೆ ಕತ್ತು ಇಡಲು ಜಾಗ ಸಿಗುತ್ತಿರಲಿಲ್ಲ. ದಿಂಬನ್ನು ಹಲ್ಲಲ್ಲಿ ಕಚ್ಚಿಕೊಂಡು ರಾತ್ರಿ ಕಳೆಯುತ್ತಿದ್ದ.

ಕೊನೆಗೆ ನಿಮಾರ್‌ಳ ಒತ್ತಾಯಕ್ಕೆ ಆಸ್ಪತ್ರೆಗೆ ಹೋದ. ಅಲ್ಲಿ ಅವನನ್ನು ನೋಡಿದವಳು ಮೇಲ್ಡಾ ಎಂಬ ಫಿಸಿಯೋಥೆರಪಿಯ ಹುಡುಗಿ. ಮೂವತ್ತು ತುಂಬಿರಲಿಕ್ಕಿಲ್ಲ, ಮಾತು ಮಾತ್ರ ಮುತ್ತಜ್ಜಿಯದು. ಅಪ್ಪನ ವಯಸ್ಸಿನವರನ್ನು ಕರೆಯುವಂತೆ ‘ಪಾಕ್’ ಎನ್ನುತ್ತ ಅವನನ್ನು ಒಂದು ಮೇಜಿನ ಮುಂದೆ ಕೂರಿಸಿದಳು.

“ಪಾಕ್, ಇದೇ ನಿಮ್ಮ ಕೀಬೋರ್ಡು ಅಂದ್ಕೊಳ್ಳಿ. ಮದುವೇಲಿ ನುಡಿಸೋ ಹಾಗೇ ನುಡಿಸಿ. ನಾನಿಲ್ಲಿದೀನಿ ಅನ್ನೋದನ್ನ ಮರೆತುಬಿಡಿ.”

ಬರಿ ಮೇಜಿನ ಮೇಲೆ ಬೆರಳಾಡಿಸಲು ಮೊದಮೊದಲು ನಾಚಿಕೆಯಾಯಿತು. ಆಮೇಲೆ ಒಳಗೊಳಗೇ ಒಂದು ಹಾಡು ಹಿಡಿದ ಮೇಲೆ ಮೇಜು ಮರೆತುಹೋಯಿತು. ಮೇಲ್ಡಾ ಹಿಂದೆ ನಿಂತು ಫೋನಿನಲ್ಲಿ ವಿಡಿಯೊ ತೆಗೆದಳು. ಮುಗಿದ ಮೇಲೆ ತೋರಿಸಿದಳು. ದಸ್ರಿಲ್ ತನ್ನನ್ನು ತಾನು ಹಿಂದಿನಿಂದ ನೋಡಿದ್ದು ಅದೇ ಮೊದಲು. ಕತ್ತು ಪೂರಾ ಎಡಕ್ಕೆ ತಿರುಗಿತ್ತು. ಎಡಭುಜ ಮೇಲೆದ್ದು ಕಿವಿಯ ಬುಡಕ್ಕೆ ಹೋಗಿ ಕೂತಿತ್ತು. ಪ್ರತಿ ಸಾಲಿಗೂ ಮುಂಚೆ ಅದು ಇನ್ನೊಂದಿಷ್ಟು ಏರಿ, ಸಾಲು ಹೊರಟ ಮೇಲೆ ತುಸುವೇ ಇಳಿಯುತ್ತಿತ್ತು.

“ನಿಮ್ಮ ಎಡಗಡೆ ಏನಿದೆ ಪಾಕ್?”

“ಗೋಡೆ.”

“ಇಲ್ಲಲ್ಲ, ಮದುವೇಲಿ.”

“ನನ್ನ ಹೆಂಡ್ತಿ.”

ಮೇಲ್ಡಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ಇಪ್ಪತ್ತಾರು ವರ್ಷ ಆದ್ಮೇಲೂ ನೋಡ್ತಾನೇ ಇದೀರಾ? ನಮ್ಮಪ್ಪ ಎರಡನೇ ವರ್ಷಕ್ಕೇ ನಿಲ್ಲಿಸಿದ್ರಂತೆ.”

“ಹಂಗಲ್ಲಮ್ಮ. ಅವಳು ತಾಳಕ್ಕೆ ಕಾಯೋಳಲ್ಲ, ಉಸಿರಿಗೆ ಕಾಯೋಳು. ಉಸಿರು ತಗೊಳ್ಳೋಕೆ ಮುಂಚೆ ಅವಳ ಮೂಗಿನ ಹೊಳ್ಳೆ ಒಂಚೂರು ಅರಳುತ್ತೆ. ಅದು ಅರಳಿದ್ರೆ ನಾನು ಹೊರಡ್ಬೇಕು. ನೋಡದೇ ಇದ್ರೆ ಹೆಂಗೆ ಗೊತ್ತಾಗ್ಬೇಕು?”

“ಅವರು ಉಸಿರು ತಗೊಂಡಾಗ ನೀವೂ ಜೊತೇಲಿ ತಗೋತೀರ. ಅದಕ್ಕೇ ಭುಜ ಏಳ್ತಿದೆ. ಇಲ್ಲಿ ನೋಡಿ, ಈ ಸ್ನಾಯು ಇಪ್ಪತ್ತಾರು ವರ್ಷದಿಂದ ಒಂದು ದಿನ ರಜೆ ತಗೊಂಡಿಲ್ಲ. ಕಲ್ಲಾಗಿದೆ. ಇದರ ಅಡೀಲಿ ನರ ಸಿಕ್ಕಿಹಾಕ್ಕೊಂಡಿದೆ. ಹಿಂಗೇ ಬಿಟ್ರೆ ಆ ಎರಡು ಬೆರಳು ನಿಮ್ಮ ಮಾತು ಕೇಳಲ್ಲ, ಹೇಳಿದೀನಿ.”

“ಔಷಧಿ?”

“ಔಷಧಿ ಎರಡು ವಾರಕ್ಕೆ. ಆಮೇಲೆ ಅಭ್ಯಾಸ ಬಿಡೋದೇ ಔಷಧಿ.”

ಕುರ್ಚಿ ಎತ್ತರವಾಗಬೇಕು, ಕೀಬೋರ್ಡು ತಗ್ಗಬೇಕು, ಹೆಂಡತಿ ಎಡಕ್ಕಲ್ಲ, ಎದುರಿಗೆ ಬಲಕ್ಕೆ ನಿಲ್ಲಬೇಕು, ಉಸಿರು ಹೊಟ್ಟೆಯಲ್ಲಿ ಆಡಬೇಕು, ಭುಜ ಏಳಲೇಬಾರದು. ಹತ್ತು ವಾರ ಒಂದೂ ಮದುವೆ ಒಪ್ಪಿಕೊಳ್ಳಬಾರದು. ಇದಿಷ್ಟನ್ನೂ ಅವಳು ಕಾಗದದಲ್ಲಿ ಬರೆದುಕೊಟ್ಟಳು.

ಮನೆಗೆ ಬಂದು ನಿಮಾರ್‌ಳ ಮುಂದೆ ಕೂತು ಎಲ್ಲವನ್ನೂ ಹೇಳಿದ. ಅವಳು ಅವನ ಮುಖವನ್ನೇ ನೋಡುತ್ತ ಕೇಳಿಸಿಕೊಂಡಳು. ಇತ್ತೀಚೆಗೆ ಅವಳು ಮಾತಾಡುವವರ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ. ವಯಸ್ಸಾದಂತೆ ಹೆಂಡತಿಗೆ ತನ್ನ ಮಾತಿನ ಮೇಲೆ ಗೌರವ ಹೆಚ್ಚಿದೆ ಎಂದು ದಸ್ರಿಲ್ ಒಳಗೊಳಗೇ ಹಿಗ್ಗಿದ್ದುಂಟು.

“ಅಂದ್ರೆ ನಿಮ್ಮ ಕಾಯಿಲೆ ನಾನೇ ಅಂತಾಯ್ತು.”

“ಡಾಕ್ಟರಮ್ಮ ಹಂಗೇ ಅಂದ್ಲು.”

ಅವಳು ನಕ್ಕಳು. ಆಮೇಲೆ ಕೇಳಿದಳು: “ಭುಜ ಏಳೋದೇ ಇಲ್ವಾ ಇನ್ಮೇಲೆ?”

“ಏಳಬಾರದಂತೆ. ಎದ್ರೆ ಬೆರಳು ಹೋಗುತ್ತಂತೆ.”

ನಿಮಾರ್ ಎದ್ದು ಒಳಗೆ ಹೋದಳು. ಚಹಾ ಮಾಡಿಕೊಂಡು ಬರಲು ಬಹಳ ಹೊತ್ತು ಹಿಡಿಯಿತು. ತಂದ ಲೋಟವನ್ನು ಅವನ ಕೈಗೆ ಕೊಟ್ಟು, “ಹಂಗಾದ್ರೆ ಕುಡಿದು ಕೀಬೋರ್ಡ್ ಹಾಕಿ. ಇವತ್ತಿಂದಲೇ ಇಳಿಸೋಣ,” ಎಂದಳು.

ಅಂದಿನಿಂದ ಪ್ರತಿದಿನ ಮಧ್ಯಾಹ್ನದ ನಮಾಜು ಮುಗಿದ ಮೇಲೆ ದಸ್ರಿಲ್ ನುಡಿಸಲು ಕೂರುವನು, ನಿಮಾರ್ ಹಿಂದೆ ನಿಂತು ಅವನ ಎಡಭುಜದ ಮೇಲೆ ಅಂಗೈ ಇಡುವಳು. ಭುಜ ಎದ್ದರೆ ಸಾಕು, “ಇಳಿಸಿ,” ಎಂದು ಒತ್ತುವಳು. ಒಂದು ಹಾಡಿಗೆ ಇಪ್ಪತ್ತು ಸಲ, ಮೂವತ್ತು ಸಲ. ಅವನು ರೇಗಿದರೂ ಬಿಡಲಿಲ್ಲ. “ಎಮ್ಮೆ ಪಳಗಿಸೋದು ಸುಲಭ,” ಎಂದು ಗೊಣಗುತ್ತಲೇ ಒತ್ತಿದಳು. ಆ ದಿನಗಳಲ್ಲಿ ಅವಳು ಒಂದು ಸಾಲನ್ನೂ ಹಾಡಲಿಲ್ಲ. ಗಂಟಲಿಗೂ ವಿಶ್ರಾಂತಿ ಬೇಕಿರಬಹುದು ಎಂದುಕೊಂಡು ಅವನೂ ಕೇಳಲಿಲ್ಲ. ಐದನೆಯ ವಾರದ ಹೊತ್ತಿಗೆ ಅವನಿಗೆ ನಿದ್ದೆ ಬಂತು. ಏಳನೆಯ ವಾರ ಕಿರುಬೆರಳಿಗೆ ಚಹಾ ಲೋಟದ ಬಿಸಿ ತಾಗಿತು. ಹತ್ತನೆಯ ವಾರ ಇಡೀ ಹಾಡು ಮುಗಿದರೂ ನಿಮಾರ್‌ಳ ಅಂಗೈ ಅಡಿಯಲ್ಲಿ ಭುಜ ಮಿಸುಕಲಿಲ್ಲ. ಅವಳು ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದು, ಆಮೇಲೆ ತೆಗೆದಳು.

“ಆಯ್ತು,” ಎಂದಳು. “ಗೆದ್ರಿ.”

ಹತ್ತು ವಾರದ ಮೇಲೆ ಮೊದಲ ಮದುವೆ ನಾರಸ್‌ನಲ್ಲಿ. ದೊಡ್ಡ ಮನೆತನ, ಅಂಗಳದ ತುಂಬ ಜನ, ಒಲೆಯ ಮೇಲೆ ಮೂರು ಹಂಡೆ ಮಾಂಸದ ರೆಂದಾಂಗ್. ದಸ್ರಿಲ್ ಹೊಸ ಸ್ಟೂಲಿನ ಮೇಲೆ ನೆಟ್ಟಗೆ ಕೂತ. ನಿಮಾರ್ ಮುಂದೆ, ಬಲಕ್ಕೆ ನಿಂತಳು. ಬೆರಳುಗಳು ಇಪ್ಪತ್ತೈದರ ಹುಡುಗನ ಬೆರಳುಗಳಂತೆ ಓಡುತ್ತಿದ್ದವು. ಪೀಠಿಕೆ ಮುಗಿಸಿ ಅವಳ ಸಾಲಿಗೆ ಜಾಗ ಬಿಟ್ಟ. ಅವಳು ಶುರು ಮಾಡಲಿಲ್ಲ.

ಅದೇ ತುಣುಕನ್ನು ಇನ್ನೊಮ್ಮೆ ನುಡಿಸಿ ಸುತ್ತು ಹಾಕಿ ಬಂದ. ಅವಳು ಈ ಸಲ ಶುರು ಮಾಡಿದಳು, ಆದರೆ ಅರ್ಧ ತಾಳ ಹಿಂದೆ. ಓಡಿ ಹಿಡಿದ. ಎರಡನೆಯ ಹಾಡಿನಲ್ಲಿ ಅವನಿನ್ನೂ ನಡುವಿನ ಕೊಳಲು ನುಡಿಸುತ್ತಿರುವಾಗಲೇ ಅವಳು ಮುಂದಿನ ಚರಣಕ್ಕೆ ಹಾರಿದ್ದಳು. ಹತ್ತು ವಾರ ಬಿಟ್ಟಿದ್ದಕ್ಕೆ ಹೀಗಾಗುತ್ತಿದೆ ಎಂದುಕೊಂಡ. ಅವಳು ಮತ್ತೆ ಮತ್ತೆ ಇವನ ಕಡೆ ತಿರುಗಿ ನೋಡುತ್ತಿದ್ದಳು. ಇವನು ಹುಬ್ಬು ಹಾರಿಸಿದ, ತಲೆ ಆಡಿಸಿದ. ಅವಳ ಕಣ್ಣು ಮುಖದ ಮೇಲೆ ನಿಲ್ಲದೆ ಸ್ವಲ್ಪ ಕೆಳಗೆ, ಬದಿಗೆ ಏನನ್ನೋ ಹುಡುಕುತ್ತಿತ್ತು.

ಪರಿಯಾಮಾನಿನವರ ನಾಲಿಗೆ ಮೊದಲೇ ಹರಿತ. ಮುಂದಿನ ಸಾಲಿನಿಂದ ಮದುಮಗಳ ಸೋದರಮಾವ ಎದ್ದು ಕೂಗಿದ: “ಏ ದಸ್ರಿಲ್! ನೀನು ನಾರಸ್ ಮದುವೇಲಿ ನುಡಿಸ್ತಿದೀಯ, ನಿನ್ನ ಹೆಂಡ್ತಿ ಪಕ್ಕದೂರಿನ ಮದುವೇಲಿ ಹಾಡ್ತಿದಾಳಲ್ಲೋ! ಇಬ್ಬರಿಗೂ ಬೇರೆ ಬೇರೆ ಊಟ ಹಾಕಿಸ್ಬೇಕಾ?”

ಜನ ನಕ್ಕರು. ದಸ್ರಿಲ್‌ನ ಕಿವಿ ಬಿಸಿಯಾಯಿತು. ಮೂರನೆಯ ಹಾಡೂ ಕೆಟ್ಟಿತು. ಇಂಥ ಹೊತ್ತಿನಲ್ಲಿ ಮರ್ಯಾದೆ ಉಳಿಸಿಕೊಳ್ಳಲು ಆ ಊರಿನ ಗಂಡಸರಿಗೆ ಗೊತ್ತಿರುವುದು ಒಂದೇ ದಾರಿ, ಬಂದ ಗೇಲಿಯನ್ನು ಇನ್ನೊಬ್ಬರ ತಲೆಗೆ ದಾಟಿಸುವುದು. ಅವನು ಮೈಕಿಗೆ ಬಾಯಿ ಕೊಟ್ಟ.

“ತಪ್ಪು ತಿಳ್ಕೋಬೇಡಿ ಬಂಧುಗಳೇ. ನಾನು ರಿಪೇರಿ ಆಗಿ ಬಂದೆ, ಜೊತೆಗಿರೋ ಗಾಡಿ ಹಳೇದಾಯ್ತು! ಅಜ್ಜಿಗೆ ಯಾರಾದ್ರೂ ಒಂದು ಲೋಟ ಮೊಟ್ಟೆ ಚಹಾ ಕುಡಿಸಿ ಎಬ್ಬಿಸಿ. ಎದ್ದಿಲ್ಲ ಅಂದ್ರೆ ಈ ಮಂಟಪದಲ್ಲೇ ನನಗೊಂದು ಹೊಸ ಹುಡುಗಿ ನೋಡಿ, ಹೆಂಗೂ ಅಡುಗೆ ಆಗಿದೆ!”

ಅಂಗಳವೆಲ್ಲ ಗೊಳ್ಳೆಂದಿತು. ತಲೆಯ ಮೇಲೆ ಬಂಗಾರದ ಬಣ್ಣದ ದೊಡ್ಡ ಕಿರೀಟ ಹೊತ್ತ ಮದುಮಗಳು ಕೂಡ ಕಿರೀಟ ಹಿಡಿದುಕೊಂಡು ನಕ್ಕಳು. ನಿಮಾರ್ ಅತ್ತಿತ್ತ ನೋಡಿದಳು. ಎಲ್ಲರೂ ನಗುತ್ತಿರುವುದನ್ನು ಕಂಡು ತಾನೂ ನಕ್ಕಳು. ಎದೆಯ ಮೇಲೆ ಕೈ ಇಟ್ಟುಕೊಂಡು ಜನರಿಗೆ ಬಾಗಿ ವಂದಿಸಿದಳು. ಅದಕ್ಕೆ ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಸದ್ಯ, ತಮಾಷೆಯಾಗಿ ತೆಗೆದುಕೊಂಡಳಲ್ಲ ಎಂದು ದಸ್ರಿಲ್‌ಗೆ ಸಮಾಧಾನವಾಯಿತು.

ಸಂಜೆ ವ್ಯಾನಿನಲ್ಲಿ ಬರುವಾಗ ಅವಳು ಅವನ ಕಡೆ ತಿರುಗಿ ಕೂತು ಕೇಳಿದಳು.

“ಜನ ಅಷ್ಟೊಂದು ಯಾಕೆ ನಕ್ರು ಉದಾ? ಮೈಕಲ್ಲಿ ಏನು ಹೇಳಿದ್ರಿ?”

ದಸ್ರಿಲ್‌ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿನ ಮೋಟಾರ್ ಸೈಕಲ್ಲಿನವನು ಬೈದುಕೊಂಡು ದಾಟಿಹೋದ. ಸ್ಪೀಕರು ಅವಳಿಂದ ಎರಡು ಮಾರು ದೂರದಲ್ಲಿತ್ತು. ಆನೆ ಎತ್ತರದ ಸ್ಪೀಕರು. ರಸ್ತೆಯಾಚೆ ಎಳನೀರು ಮಾರುವವನಿಗೂ ಆ ಮಾತು ಕೇಳಿತ್ತು.

“ನಿನಗೆ ಕೇಳಿಸ್ಲಿಲ್ವಾ?”

“ಗಲಾಟೆ ಇತ್ತಲ್ಲ.”

ಅವನು ರಸ್ತೆ ನೋಡಿದ. ಬಾಯಿಗೆ ಬಂದದ್ದನ್ನು ಹೇಳಿದ. “ಇಪ್ಪತ್ತಾರು ವರ್ಷ ಆದ್ರೂ ನನ್ನ ಹೆಂಡ್ತಿ ಇನ್ನೂ ಮದುಮಗಳ ಹಾಗೇ ಇದಾಳೆ ಅಂದೆ. ಅದಕ್ಕೆ ನಕ್ರು.”

“ಏನು? ಈ ಕಡೆ ತಿರುಗಿ ಹೇಳಿ.”

ತಿರುಗಿ ಇನ್ನೊಮ್ಮೆ ಹೇಳಿದ. ನಿಮಾರ್ ಕಿಟಕಿಯ ಕಡೆ ಮುಖ ಮಾಡಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ, “ಜನರ ಮುಂದೆ ನೀವು ಹಂಗೆ ಹೇಳಿ ಎಷ್ಟು ವರ್ಷ ಆಗಿತ್ತು,” ಎಂದಳು.

ಆಮೇಲಿನ ನಾಲ್ಕು ದಿನ ಅವನು ಕಳ್ಳನ ಹಾಗೆ ಹೆಂಡತಿಯನ್ನು ಗಮನಿಸಿದ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಒಲೆಯ ಮೇಲೆ ಕೆಟಲು ಶಿಳ್ಳೆ ಹಾಕಿ ಹಾಕಿ ಸೋತರೂ ಆವಿ ಕಂಡ ಮೇಲೆಯೇ ಎದ್ದು ಹೋಗುತ್ತಿದ್ದಳು. ತಗಡಿನ ಮಾಡಿಗೆ ಮಳೆ ಬಿದ್ದರೆ ಕೈ ಹೊರಗೆ ಚಾಚಿ ನೋಡುತ್ತಿದ್ದಳು. ಇದೆಲ್ಲ ಯಾವತ್ತಿನಿಂದ? ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷ ಅವಳ ಮೂಗಿನ ಹೊಳ್ಳೆ ನೋಡಿದವನು ಕಿವಿಯನ್ನು ನೋಡಿರಲಿಲ್ಲ. ಸ್ಪೀಕರನ್ನು ಯಾವಾಗಲೂ ಅವಳ ಮಗ್ಗುಲಿಗೆ ಇಡಿಸುತ್ತಿದ್ದವನೂ ತಾನೇ. ತನ್ನ ಹತ್ತಿರ ಇದ್ದರೆ ಸ್ವರ ಹಾಳಾಗುತ್ತದೆ ಎಂದು. ಹೇಳಬೇಕು, ಕೇಳಬೇಕು ಎಂದುಕೊಂಡ. ಕೇಳಿದರೆ ಮೈಕಿನ ಮಾತೂ ಹೊರಬರುತ್ತದೆ. ಹಾಗಾಗಿ ತುಟಿ ಬಿಚ್ಚಲಿಲ್ಲ.

ಶುಕ್ರವಾರದ ನಮಾಜು ಮುಗಿಸಿ ಬಂದಾಗ ನಿಮಾರ್ ಮನೆಯ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದಳು. ನಾರಸ್ ಮದುವೆಯಲ್ಲಿ ಯಾರೋ ತೆಗೆದ ವಿಡಿಯೊ ಊರೆಲ್ಲ ಸುತ್ತಿ ಅವಳ ಫೋನಿಗೂ ಬಂದಿತ್ತು. ಜನಕ್ಕೆ ಚೆನ್ನಾಗಿ ತಿಳಿಯಲಿ ಎಂದು ದಸ್ರಿಲ್ ಹೇಳಿದ ಒಂದೊಂದು ಮಾತನ್ನೂ ಹಳದಿ ಅಕ್ಷರದಲ್ಲಿ ಅದರ ಮೇಲೆ ಬರೆದಿದ್ದರು. ಹಳೇ ಗಾಡಿ. ಅಜ್ಜಿ. ಹೊಸ ಹುಡುಗಿ. ಅಕ್ಷರಗಳ ಕೆಳಗೆ ನಿಮಾರ್ ನಗುತ್ತಿದ್ದಳು, ಬಾಗಿ ವಂದಿಸುತ್ತಿದ್ದಳು. ಮುಗಿದದ್ದು ಮತ್ತೆ ತಾನಾಗಿ ಶುರುವಾಗುತ್ತಿತ್ತು.

“ಇದು ನೀವು ಹೇಳಿದ್ದಾ?”

ಅವನು ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತ. ಹೌದೆಂದು ತಲೆಯಾಡಿಸಿದ.

“ಮಾತಿಗೆ ನನಗೆ ಬೇಜಾರಿಲ್ಲ ಉದಾ. ಈ ಊರಲ್ಲಿ ಹುಟ್ಟಿದೋಳು, ಇದರಪ್ಪನಂಥದ್ದು ಕೇಳಿದೀನಿ. ಆದ್ರೆ ನಾನು ನಕ್ಕೆನಲ್ಲ. ಬಗ್ಗಿ ನಮಸ್ಕಾರ ಬೇರೆ ಮಾಡಿದೆನಲ್ಲ.” ಫೋನನ್ನು ಮಗುಚಿ ಇಟ್ಟಳು. “ಮತ್ತೆ ಮನೆಗೆ ಬಂದು ಕನ್ನಡಿ ನೋಡ್ಕೊಂಡೆ. ನೀವು ವ್ಯಾನಲ್ಲಿ ಹೇಳಿದ್ದನ್ನ ನಂಬಿ.”

ದಸ್ರಿಲ್ ತಲೆ ತಗ್ಗಿಸಿಕೊಂಡೇ, “ಎಷ್ಟು ದಿನ ಆಯ್ತು ಕೇಳಿಸದೇ?” ಎಂದ. ಆಮೇಲೆ ಮುಖ ಎತ್ತಿ, ಬಾಯಿ ಬಿಡಿಸಿ, ಇನ್ನೊಮ್ಮೆ ಹೇಳಿದ.

“ಆರು ವರ್ಷ. ಮೊದಲು ಹಕ್ಕಿ ಹೋಯ್ತು. ಆಮೇಲೆ ಕೊಳಲು, ಪಿಟೀಲು. ನಾಲ್ಕು ವರ್ಷದಿಂದ ನಿಮ್ಮ ಕೀಬೋರ್ಡಲ್ಲಿ ನನಗೆ ಕೇಳೋದು ಡೋಲಿನ ಗುದ್ದು ಒಂದೇ, ಅದೂ ಕಾಲಿಗೆ.”

“ಮತ್ತೆ ಹೆಂಗೆ ಹಾಡ್ತಿದ್ದೆ? ಒಂದು ಸಲವೂ ತಪ್ಪಿರ್ಲಿಲ್ಲವಲ್ಲೇ!”

“ನಿಮ್ಮ ಭುಜ ಇತ್ತಲ್ಲ,” ಎಂದಳು ನಿಮಾರ್. “ಅದು ಎದ್ರೆ ನಾನು ಉಸಿರು ತಗೋತಿದ್ದೆ, ಇಳಿದ್ರೆ ಶುರು ಮಾಡ್ತಿದ್ದೆ. ಎಷ್ಟು ಎದ್ದಿದೆ ಅನ್ನೋದ್ರಲ್ಲಿ ಹಾಡು ನಿಧಾನವೋ ಜೋರೋ ಗೊತ್ತಾಗ್ತಿತ್ತು.”

“ನಾನು ನಿನ್ನ ಮೂಗು ನೋಡಿ ಭುಜ ಎತ್ತುತ್ತಿದ್ದೆ.”

“ನಾನು ಭುಜ ನೋಡಿ ಮೂಗು ಅರಳಿಸ್ತಿದ್ದೆ.”

“ಹಂಗಾದ್ರೆ ಮೊದಲು ಹೊರಡ್ತಿದ್ದದ್ದು ಯಾರು?”

ಇಬ್ಬರಿಗೂ ಗೊತ್ತಿರಲಿಲ್ಲ. ಒಂದು ಗಳಿಗೆ ಇಬ್ಬರಿಗೂ ನಗು ಬಂದಂತಾಗಿ ಅಲ್ಲೇ ಸತ್ತಿತು. ಆಗ ದಸ್ರಿಲ್‌ಗೆ ಹೊಳೆಯಿತು. ಹತ್ತು ವಾರ, ದಿನಾ ಮಧ್ಯಾಹ್ನ, ಒಂದು ಹಾಡಿಗೆ ಮೂವತ್ತು ಸಲ.

“ನೀನೇ ಅಲ್ವೇನೇ ಒತ್ತಿ ಒತ್ತಿ ಇಳಿಸಿದ್ದು? ಗೊತ್ತಿದ್ದೂ?”

“ರಾತ್ರಿ ನೀವು ಅಳ್ತಿದ್ರಿ. ನನಗೆ ಕೇಳ್ತಿರ್ಲಿಲ್ಲ. ಮಂಚ ಅಲುಗ್ತಿತ್ತು.”

“ಹೇಳ್ಬಹುದಿತ್ತಲ್ಲ ನನಗೆ!”

“ಹೇಳಿದ್ರೆ ನೀವು ಇಳಿಸ್ತಿದ್ರಾ?” ಅವಳು ಎದ್ದು ಲಂಗ ಕೊಡವಿಕೊಂಡಳು. “ಡೋಲು ಕಾಲಿಗೆ ತಾಗುತ್ತಲ್ಲ, ಅದ್ರಲ್ಲೇ ಹೆಂಗೋ ಸಂಭಾಳಿಸೋಣ ಅಂದ್ಕೊಂಡಿದ್ದೆ. ನಾರಸ್‌ನ ಆ ಪುಣ್ಯಾತ್ಮರು ಹಲಗೆ ಹಾಕೋ ಬದಲು ನನ್ನ ಸಿಮೆಂಟ್ ಕಟ್ಟೆ ಮೇಲೆ ನಿಲ್ಲಿಸಿದ್ರು.”

ಮಾರನೆಯ ದಿನ ನಿಮಾರ್‌ಳ ಅಕ್ಕ ಎರ್ನಿಸ್ ವಿಡಿಯೊ ನೋಡಿಕೊಂಡೇ ಬಂದಳು. ಅಲ್ಲಿ ಮನೆ, ಗದ್ದೆ ಎಲ್ಲ ಹೆಂಗಸರದು; ಗಂಡಸು ಹೆಂಡತಿಯ ಮನೆಗೆ ಬಂದು ಸೇರಿದವನು. ಎರ್ನಿಸ್ ಜಗುಲಿಯಲ್ಲೇ ನಿಂತು ಅದನ್ನು ನೆನಪಿಸಿದಳು. “ಸುಟ್ಟ ಕೊರಡಿನ ಮೇಲಿನ ಬೂದಿ ಕಣಯ್ಯ ನೀನು ಈ ಮನೇಲಿ. ನಾನೊಂದು ಸಲ ಉಫ್ ಅಂದ್ರೆ ಹಾರಿಹೋಗ್ತೀಯ. ನನ್ನ ತಂಗಿ ಹಳೇ ಗಾಡಿಯಾ?” ದಸ್ರಿಲ್ ತಲೆ ತಗ್ಗಿಸಿ ಕೇಳಿಸಿಕೊಂಡ. ನಿಮಾರ್ ಅಡುಗೆಮನೆಯಲ್ಲಿ ಅವರ ಕಡೆ ಬೆನ್ನು ಮಾಡಿ ಮೀನು ಹೆಚ್ಚುತ್ತಿದ್ದಳು.

ದಸ್ರಿಲ್ ನಿಮಾರ್‌ಳನ್ನು ಪಾದಾಂಗ್ ನಗರಕ್ಕೆ ಕರೆದುಕೊಂಡು ಹೋದ. ಕಿವಿಯ ಡಾಕ್ಟರು ನರ ಸತ್ತಿದೆ, ಇದು ಶಬ್ದದಿಂದಲೇ ಆದದ್ದು, ಹೋದದ್ದು ಬರುವುದಿಲ್ಲ ಎಂದರು. ಕಿವಿಗೆ ಯಂತ್ರ ಕೊಟ್ಟರು. ಮನೆಗೆ ಬಂದು ಯಂತ್ರ ಹಾಕಿಕೊಂಡು ನಿಮಾರ್ ಕೀಬೋರ್ಡಿನ ಪಕ್ಕ ಕೂತಳು. ದಸ್ರಿಲ್ ಮೆಲ್ಲಗೆ ನಾಲ್ಕು ಸ್ವರ ನುಡಿಸಿದ. ಅವಳು ಕಣ್ಣು ಮುಚ್ಚಿಕೊಂಡು ಬಹಳ ಪ್ರಯತ್ನಪಟ್ಟಳು.

“ಹೆಂಗಿದೆ?”

“ತಗಡಿನ ಮೇಲೆ ಕೋಳಿ ಓಡಾಡಿದ ಹಾಗಿದೆ,” ಎಂದು ಯಂತ್ರ ತೆಗೆದು ಡಬ್ಬಿಗೆ ಹಾಕಿದಳು; ಮತ್ತೆ ಹಾಕಿಕೊಳ್ಳಲಿಲ್ಲ.

ಉಳಿದಿದ್ದು ಭುಜ ಒಂದೇ. ದಸ್ರಿಲ್ ಹೊಸ ಸ್ಟೂಲು ಮೂಲೆಗೆ ಎಸೆದು ಹಳೆಯ ಪ್ಲಾಸ್ಟಿಕ್ ಕುರ್ಚಿ ತಂದ. ನಿಮಾರ್‌ಳನ್ನು ಎಡಕ್ಕೆ ನಿಲ್ಲಿಸಿಕೊಂಡ. ಕತ್ತು ತಿರುಗಿಸಿದ, ಭುಜ ಎತ್ತಿದ. ಆದರೆ ಈಗ ಎತ್ತಬೇಕೆಂದು ನೆನೆದು ಎತ್ತಬೇಕಾಗಿತ್ತು; ನೆನೆಯುವಷ್ಟರಲ್ಲಿ ಜಾಗ ದಾಟಿಹೋಗುತ್ತಿತ್ತು.

“ತಡ ಆಯ್ತು,” ಎನ್ನುವಳು ನಿಮಾರ್. ಮತ್ತೆ ಎತ್ತಿದರೆ, “ಈಗ ಬೇಗ ಆಯ್ತು.”

ಮೂರು ದಿನ ಹೀಗೆಯೇ ನಡೆಯಿತು. ಅವನು ಭುಜ ಎತ್ತುವುದು ನೋಡಿದರೆ ದರ್ಜಿಯ ಮುಂದೆ ಅಳತೆ ಕೊಡುವವನ ಹಾಗಿತ್ತು. ಮೂರನೆಯ ದಿನ ಅವಳು ಅರ್ಧ ಸಾಲು ಹಾಡಿ ನಿಲ್ಲಿಸಿದಳು.

“ಬೇಡ ಉದಾ. ಈ ಭುಜ ನನಗೆ ಸುಳ್ಳು ಹೇಳುತ್ತೆ.”

“ಇನ್ನೊಂದು ಸಲ. ನಿಲ್ಲು, ಬಂತು, ಬರುತ್ತೆ ಅದು.” ಹೇಳುತ್ತಲೇ ಅವನು ಎಡಗೈಯನ್ನು ತೊಡೆಯ ಮರೆಯಲ್ಲಿ ಕೊಡವಿದ. ಕಿರುಬೆರಳಿಗೆ ಜೋಮು ಮತ್ತೆ ಹತ್ತಿತ್ತು. ಅವಳು ಅದನ್ನು ನೋಡಿದಳು. ಹೋಗಿ ಗೋಡೆಯಿಂದ ಕೀಬೋರ್ಡಿನ ವೈರು ಕಿತ್ತಳು.

“ಹೋದ್ರೆ ಹೋಗ್ಲಿ ಬಿಡೇ ಬೆರಳು!” ಎಂದು ದಸ್ರಿಲ್ ಅರಚಿದ. “ಎಲ್ಲಾದ್ರೂ ಹಾಳಾಗಿ ಹೋಗ್ಲಿ! ಎರಡು ಬೆರಳು ತಾನೇ!”

ಅರಚಿದ್ದು ಅವಳಿಗೆ ಕೇಳಿಸಿರಲಿಕ್ಕಿಲ್ಲ, ಮುಖ ಕಂಡಿರಬೇಕು. ಹತ್ತಿರ ಬಂದು ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. “ಆಮೇಲೆ ಇಬ್ಬರೂ ಮನೇಲಿ ಕೂರ್ತೀವಿ, ಅಷ್ಟೇ ಆಗೋದು. ಒಬ್ರಾದ್ರೂ ನುಡಿಸ್ಲಿ,” ಎಂದಳು. ಅವನು ಐವತ್ತೆರಡು ವರ್ಷದ ಗಂಡಸು, ಮಗುವಿನ ಹಾಗೆ ಅತ್ತ. ಅವಳು ಅಳಲಿಲ್ಲ. ಅವನ ಕತ್ತಿನ ಹಿಂದೆ, ಮೇಲ್ಡಾ ತೋರಿಸಿಕೊಟ್ಟಿದ್ದ ಜಾಗವನ್ನು, ಹೆಬ್ಬೆರಳಿನಿಂದ ತಿಕ್ಕುತ್ತಿದ್ದಳು.

ಆ ಮೇಲೆ ನಿಮಾರ್ ವೇದಿಕೆ ಹತ್ತಲಿಲ್ಲ. ಬೆಳಗ್ಗೆ ಸಮುದ್ರದ ದಂಡೆಯಲ್ಲಿ ಎರ್ನಿಸ್‌ಳ ಅಂಗಡಿಗೆ ಹೋಗಿ ಮೀನಿನ ಉಂಡೆ ಕರಿದುಕೊಡಲು ತೊಡಗಿದಳು. ಗಿರಾಕಿಗಳು ಬೆರಳು ತೋರಿಸಿ ಕೇಳುತ್ತಿದ್ದರು, ತೊಂದರೆಯಿರಲಿಲ್ಲ. ದಸ್ರಿಲ್ ಲುಬುಕ್ ಆಲುಂಗಿನ ವೆಲ್ನಿ ಎಂಬ ಹುಡುಗಿಯನ್ನು ಹಾಡಲು ಗೊತ್ತು ಮಾಡಿಕೊಂಡ. ತಾಳಕ್ಕೆ ಸರಿಯಾಗಿ ಹಾಡುವವಳು. ನೋಡಬೇಕಾದ ಅಗತ್ಯವೇ ಇರಲಿಲ್ಲ. ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ ನುಡಿಸಿದ. ನೋವು ಬರಲಿಲ್ಲ. ಜನ ಹೊಗಳಿದರು, ಮೊದಲಿಗಿಂತ ಕೈ ಚುರುಕಾಗಿದೆ ಎಂದರು.

ಮನೆಯಲ್ಲಿ ಮಾತು ಕಡಿಮೆಯಾಯಿತು. ಜಗಳವಿರಲಿಲ್ಲ. ಏನು ಹೇಳಬೇಕಾದರೂ ಎದ್ದುಹೋಗಿ ಅವಳ ಮುಖದ ಮುಂದೆ ನಿಲ್ಲಬೇಕು. ಎದ್ದುಹೋಗುವಷ್ಟು ದೊಡ್ಡದಲ್ಲದ ಮಾತುಗಳು, ಬೆಕ್ಕು ಮರಿ ಹಾಕಿದ್ದು, ಸೌತೆ ಕಹಿ ಇದ್ದದ್ದು, ಯಾರೋ ದಾರಿಯಲ್ಲಿ ಬಿದ್ದದ್ದು, ಹಾಗೇ ಉಳಿದುಹೋಗುತ್ತಿದ್ದವು. ಮಕ್ಕಳಿಲ್ಲದ ಆ ಮನೆಯಲ್ಲಿ ಇಷ್ಟು ವರ್ಷ ತುಂಬಿಕೊಂಡಿದ್ದದ್ದು ಅಂಥವೇ ಮಾತುಗಳೆಂದು ದಸ್ರಿಲ್‌ಗೆ ಈಗ ತಿಳಿಯಿತು.

ಉಪವಾಸದ ತಿಂಗಳು ಬಂತು. ಆ ತಿಂಗಳಲ್ಲಿ ಮದುವೆಗಳಿಲ್ಲ. ಪ್ರತಿವರ್ಷ ಆ ಮಧ್ಯಾಹ್ನಗಳಲ್ಲಿ ಇಬ್ಬರೂ ಜಗುಲಿಯಲ್ಲಿ ಕೂತು ಹಬ್ಬದ ನಂತರಕ್ಕೆ ಹೊಸ ಹಾಡು ಆರಿಸುತ್ತಿದ್ದರು. ಈ ವರ್ಷ ದಸ್ರಿಲ್ ಒಬ್ಬನೇ ಕೂತ. ನಿಮಾರ್ ಒಳಗೆ ಅಕ್ಕನ ಜೊತೆ ಅಕ್ಕಿ ತುಂಬಿ ಬೇಯಿಸುವ ಹಬ್ಬದ ಕೆತುಪಾತ್‌ಗೆ ತೆಂಗಿನ ಗರಿ ಹೆಣೆಯುತ್ತಿದ್ದಳು.

ಹಬ್ಬ ಕಳೆದ ನಾಲ್ಕನೆಯ ದಿನ ಫೋನು ಬಂತು. ಸುಂಗೈ ಲಿಮಾವಿನ ಒಬ್ಬ ಹಿರಿಯರು. ಅವರ ಮೊದಲ ಮಗಳ ಮದುವೆಯಲ್ಲಿ ನುಡಿಸಿ ಹಾಡಿದ್ದು ದಸ್ರಿಲ್, ನಿಮಾರ್ ಇಬ್ಬರೇ; ಈಗ ಎರಡನೆಯವಳದು.

“ನಿಮಾರ್ ಬರ್ತಾರೆ ತಾನೇ? ನಮ್ಮಮ್ಮ ಕೇಳ್ತಾ ಇದಾರೆ. ಅವರ ದನಿ ಕೇಳಿ ಸಾಯ್ಬೇಕಂತೆ ಮುದುಕಿಗೆ.”

ನಿಮಾರ್ ನಡುಮನೆಯಲ್ಲಿ ಹಬ್ಬದ ತಟ್ಟೆಗಳನ್ನು ಒರೆಸಿಡುತ್ತಿದ್ದಳು. ದಸ್ರಿಲ್ ಫೋನಿಗೆ ಕೈ ಅಡ್ಡ ಹಿಡಿದು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಅಂಗಳಕ್ಕೆ ಇಳಿದ. ತೆಂಗಿನ ಮರದವರೆಗೆ ಹೋಗಿ, ಮನೆಗೆ ಬೆನ್ನು ಮಾಡಿ, ದನಿ ತಗ್ಗಿಸಿ ಹೇಳಿದ:

“ಅವಳು ಈಗ ಹಾಡೋದಿಲ್ಲ.”

ಹೇಳಿ ಮುಗಿಸಿದ ಮೇಲೆ, ಇಷ್ಟು ದೂರ ಬರಬೇಕಾಗಿರಲಿಲ್ಲವೆಂದು ನೆನಪಾಯಿತು. ಅವಳ ಪಕ್ಕದಲ್ಲೇ ಕೂತು, ಗಟ್ಟಿಯಾಗಿಯೇ ಹೇಳಬಹುದಿತ್ತು. ಅಂಗಳದ ಮರಳು ಅಂಗಾಲಿಗೆ ಸುಡುತ್ತಿದ್ದರೂ ಅವನು ಬಹಳ ಹೊತ್ತು ಅಲ್ಲೇ ನಿಂತಿದ್ದ. ಆ ಕಡೆ ಹಿರಿಯರು “ಹಲೋ, ಹಲೋ,” ಎನ್ನುತ್ತಲೇ ಇದ್ದರು.